ಬಿಟರ್, ಬಿಟರ್ಸ್: ಆ ‘ಸ್’ ಬಹುವಚನವಲ್ಲ

ಅಮೆರಿಕಾನೊ ಎಂಬ ಕಾಕ್‌ಟೇಲ್ ಮಾಡುವ ವಿಧಾನದಲ್ಲಿ ‘30 ಮಿ.ಲೀ. ಬಿಟರ್ಸ್’ ಎಂದು ಬರೆದದ್ದು ಮತ್ತೆ ಕಣ್ಣಿಗೆ ಬಿತ್ತು. ನಂಬಿ ಅಷ್ಟನ್ನೂ ಸುರಿದವರ ಗತಿ? ಅಲ್ಲಿ ಬೇಕಿದ್ದದ್ದು ಬಿಟರ್. ಕೊನೆಗೆ ಅಂಟಿಕೊಂಡ ‘ಸ್’ ಬಾಟಲಿಯನ್ನೇ ಬದಲಿಸಿಬಿಡುತ್ತದೆ.

ಎರಡೂ ಗಿಡಮೂಲಿಕೆಗಳ ಕಹಿಯನ್ನು ಮದ್ಯಸಾರಕ್ಕೆ ಇಳಿಸಿದವೇ. ಬಿಟರ್ ಎಂದರೆ ಕ್ಯಾಂಪಾರಿಯಂಥದ್ದು: ಸಕ್ಕರೆ ಬೆರೆಸಿ ಕುಡಿಯುವ ಹದಕ್ಕೆ ತಂದದ್ದು, ಆಲ್ಕೊಹಾಲ್ ಶೇ. 25ರ ಆಸುಪಾಸು. ಬಿಟರ್ಸ್ ಎಂದರೆ ಅಂಗೊಸ್ಟುರಾದಂಥ ಗಟ್ಟಿ ಸಾರ, ಶೇ. 44.7. ಅದರ ಅಳತೆಯೇ ಡ್ಯಾಶ್, ಅಂದರೆ ಬಾಟಲಿಯನ್ನು ಒಮ್ಮೆ ಕೊಡವಿದರೆ ಬೀಳುವಷ್ಟು. ಒಂದು ಡ್ಯಾಶ್ 1 ಮಿ.ಲೀ.ಗೂ ತುಸು ಕಡಿಮೆ. 30 ಮಿ.ಲೀ. ಹಾಕಿದರೆ ಮಸಾಲೆಯ ಘಾಟು ಬಿಟ್ಟು ಬೇರೇನೂ ನಾಲಿಗೆಗೆ ತಿಳಿಯದು. ಟ್ರಿನಿಡಾಡ್ ಸಾವರ್ ಎಂಬ ಕಾಕ್‌ಟೇಲ್‌ಗೆ ಅದಕ್ಕಿಂತ ಹೆಚ್ಚು ಸುರಿಯುತ್ತಾರಲ್ಲ ಎಂದು ವಾದಿಸುವವರು ಅದರೊಳಗಿನ ಬಾದಾಮಿ ಸಿರಪ್ಪನ್ನೂ ಒಮ್ಮೆ ಅಳೆದು ನೋಡಲಿ.

ತಮಾಷೆ ಇರುವುದು ಹೆಸರುಗಳಲ್ಲಿ. ಕ್ಯಾಂಪಾರಿಯಂಥ ಬಿಟರನ್ನು ‘ಅಪೆರಿಟಿಫ್’ ಎನ್ನುತ್ತಾರೆ; ಆ ಪದ ಬಂದದ್ದು ತೆರೆಯುವುದು ಎಂಬರ್ಥದ ಲ್ಯಾಟಿನ್ ‘ಅಪೆರಿರೆ’ಯಿಂದ, ಕ್ಯಾಮೆರಾದ ಅಪರ್ಚರ್ ಕೂಡ ಅದೇ ಬಳ್ಳಿಯದು. ತೆರೆಯಬೇಕಾದದ್ದು ಹಸಿವನ್ನು, ಆದ್ದರಿಂದ ಊಟಕ್ಕೆ ಮೊದಲು. ‘ಅಂಗೊಸ್ಟುರಾ’ ತದ್ವಿರುದ್ಧ: ಸ್ಪ್ಯಾನಿಷ್‌ನಲ್ಲಿ ಇಕ್ಕಟ್ಟು ಎಂದರ್ಥ. ಒರಿನೊಕೊ ನದಿ ಕಿರಿದಾಗುವಲ್ಲಿರುವ ವೆನೆಜುವೆಲಾದ ಊರೊಂದಕ್ಕೆ ಹಿಂದೆ ಆ ಹೆಸರಿತ್ತು, ಈಗ ಸಿಯುದಾದ್ ಬೊಲಿವಾರ್. 1824ರಲ್ಲಿ ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ ಹೊಟ್ಟೆಯ ಮದ್ದೆಂದು ಈ ಬಿಟರ್ಸನ್ನು ತಯಾರಿಸಿದ್ದು ಅಲ್ಲೇ. ಅಂಗೊಸ್ಟುರಾ ಎಂಬ ತೊಗಟೆಯೂ ಒಂದಿದೆ, ಆದರೆ ಈ ಬಾಟಲಿಯಲ್ಲಿ ಅದಿಲ್ಲ. ಕ್ಯಾಂಪಾರಿ 1860ರದ್ದು, ಇಟಲಿಯ ನೊವಾರಾದ್ದು.

ಈಗ ಅಮೆರಿಕಾನೊ. ಬಿಟರ್ 30 ಮಿ.ಲೀ., ಸಿಹಿ ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) 30 ಮಿ.ಲೀ.; ಉದ್ದ ಲೋಟದ ತುಂಬ ದೊಡ್ಡ ಐಸ್ ತುಂಡು, ಮೇಲೆ 60 ಮಿ.ಲೀ.ಯಷ್ಟು ತಣ್ಣನೆಯ ಸೋಡಾ. ಚಮಚ ತಳಕ್ಕಿಳಿಸಿ ಒಮ್ಮೆ ಮೇಲೆತ್ತಿದರೆ ಸಾಕು, ಗರಗರ ತಿರುಗಿಸಿದರೆ ಗ್ಯಾಸ್ ಹೋಗುತ್ತದೆ. ಪುಡಿ ಐಸ್ ಹಾಕಿದರೆ ಐದೇ ನಿಮಿಷಕ್ಕೆ ನೀರು. ಕಿತ್ತಳೆ ಸಿಪ್ಪೆಯನ್ನು ತೆಳ್ಳಗೆ ಹೆರೆದು, ಹೊರಮೈಯನ್ನು ಲೋಟದ ಕಡೆಗೆ ಹಿಡಿದು ಹಿಂಡಬೇಕು. ಎಣ್ಣೆಯ ಸಣ್ಣ ಹನಿಗಳು ಮೇಲೆ ಹರಡಿದ್ದು ಕಾಣಬೇಕು. ಬಿಳಿ ಪದರ ಉಳಿದರೆ ಬೇಡದ ಕಹಿ ಸೇರಿಕೊಳ್ಳುತ್ತದೆ.

ಇಷ್ಟಾದರೂ ರುಚಿ ಸಪ್ಪೆಯಾಗಿ, ಹಳಸಿದಂತಿದ್ದರೆ ಬಿಟರ್‌ನ ಮೇಲೆ ತಪ್ಪು ಹೊರಿಸಬೇಡಿ. ವರ್ಮುತ್ ಮೂಲತಃ ವೈನ್, ಮುಚ್ಚಳ ತೆರೆದ ಮೇಲೆ ಅದರ ಜಾಗ ಫ್ರಿಜ್ಜು. ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿಸಿಯುಂಡ ಬಾಟಲಿಯನ್ನು ಅಡುಗೆಗೆ ಹಾಕಿ ಮುಗಿಸಿ.