ಹಳೆಯ ಓಪನ್ ಕಾರಿನ ಫ್ಲೋರ್: ತುಕ್ಕಿನ ಮೇಲೆ ಹೊಸ ತಗಡು ಹಾಕಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಹಳೇ ಕನ್ವರ್ಟಿಬಲ್. ಡ್ರೈವರ್ ಕಾಲ ಕೆಳಗೆ ಫ್ಲೋರ್ ತುಕ್ಕು ತಿಂದು ರಸ್ತೆ ಕಾಣ್ತಿದೆ. ಹಳೇದು ಕೀಳೋದು ಬೇಡ, ಮೇಲೇ ಹೊಸ ತಗಡು ವೆಲ್ಡ್ ಮಾಡಿ ಕೆಳಗೆ ಡಾಂಬರು ಬಳಿದ್ರೆ ಡಬಲ್ ಗಟ್ಟಿ ಅಂತಾರೆ ಟಿಂಕರಿಂಗ್‌ನವರು. ಮಾಡಿಸಬಹುದಾ?

ಉತ್ತರ: ಬೇಡ. ಎಷ್ಟು ಸಲ ಹೇಳಿದರೂ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಎರಡು ತಗಡು ಎಷ್ಟು ಒತ್ತಿ ಕೂರಿಸಿದರೂ ನಡುವೆ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ಆ ಸಂದು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಒಣಗಲು ಬಿಡುವುದಿಲ್ಲ. ಅಲ್ಲಿಗೆ ಬ್ರಷ್ಷೂ ಹೋಗದು, ಸ್ಪ್ರೇಯೂ ಹೋಗದು. ಮೊದಲೇ ಪೇಂಟ್ ಹೊಡೆದಿದ್ದರೂ ವೆಲ್ಡಿಂಗ್ ಬಿಸಿಗೆ ಸುಟ್ಟುಹೋಗುತ್ತದೆ. ಹಳೆಯ ತುಕ್ಕು ಒಳಗೇ ಕೂತು ಹೊಸ ತಗಡನ್ನೂ ತಿನ್ನುತ್ತದೆ. ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಎರಡೂ ಹೋಗಿರುತ್ತವೆ.

ಇನ್ನು "ಡಬಲ್ ಗಟ್ಟಿ" ಮಾತು. ವೆಲ್ಡ್ ಹಿಡಿಯುವುದು ಯಾವುದಕ್ಕೆ? ಇಂಥ ಕಾರುಗಳ ಫ್ಲೋರ್ ಸುಮಾರು 1 ಮಿ.ಮೀ. ತಗಡು, ತುಕ್ಕು ತಿಂದ ಕಡೆ ಅದರ ಅರ್ಧವೂ ಇರುವುದಿಲ್ಲ. ಅಂಥದ್ದಕ್ಕೆ ಶಾಖ ಕೊಟ್ಟರೆ ತೂತು ಬೀಳುತ್ತದೆ, ತೂತು ಮುಚ್ಚಲು ಮತ್ತೆ ಲೋಹ ತುಂಬುತ್ತಾರೆ, ಪಕ್ಕದಲ್ಲಿ ಇನ್ನೊಂದು ತೂತು. ಕೊನೆಗೆ ಹೊಸ ತಗಡು ನಿಂತಿರುವುದು ತುಕ್ಕಿನ ಪುಡಿಯ ಮೇಲೆ. ಫ್ಲೋರಿನ ಬಲ ಬರಿಯ ದಪ್ಪದಲ್ಲಿಲ್ಲ. ಅದರಲ್ಲಿ ಒತ್ತಿರುವ ಉಬ್ಬುಗೆರೆಗಳಲ್ಲಿದೆ, ಅಂಚು ಸಿಲ್‌ಗೂ (ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ ತೊಲೆ) ಟನಲ್‌ಗೂ (ಫ್ಲೋರಿನ ನಡುವೆ ಉದ್ದಕ್ಕೂ ಎದ್ದ ದಿಬ್ಬ) ಸೇರುವ ಜಾಗದಲ್ಲಿದೆ. ಮೇಲೆ ಮಟ್ಟಸದ ತಗಡು ಹೊದಿಸಿದರೆ ಈ ಎರಡರಲ್ಲಿ ಒಂದೂ ಸರಿಹೋಗುವುದಿಲ್ಲ. ಡಾಂಬರು ಒಣಗಿ ಬಿರುಕು ಬಿಟ್ಟ ಮೇಲೆ ನೀರನ್ನು ಒಳಗೇ ಹಿಡಿದಿಡುತ್ತದೆ.

"ನಮ್ಮದು ಬಯಲುಸೀಮೆ, ಮಳೆಯೇ ಕಡಿಮೆ" ಎನ್ನುವವರು ಕಾರ್ಪೆಟ್ ಎತ್ತಿ ಕೆಳಗಿನ ಫೆಲ್ಟ್ (ಕಂಬಳಿಯಂಥ ಹಾಸು) ಹಿಂಡಿ ನೋಡಿ. ತುಕ್ಕು ಹೆಚ್ಚಾಗಿ ಒಳಗಿನಿಂದಲೇ ಶುರುವಾಗುತ್ತದೆ: ಹುಡ್ (ಮಡಚುವ ಬಟ್ಟೆಯ ಛಾವಣಿ) ಸೋರಿದ ನೀರು, ಮುಂಗಾಜಿನ ರಬ್ಬರ್ ಸಂದಿನ ನೀರು, ವಾಶಿಂಗ್‌ನ ನೀರು.

ಕನ್ವರ್ಟಿಬಲ್‌ನಲ್ಲಿ ಇದು ಇನ್ನೂ ಗಂಭೀರ. ಛಾವಣಿ ಇಲ್ಲದ ಕಾರಿನ ಭಾರ ಹೊರುವುದು ಬಾಗಿಲ ಕೆಳಗಿನ ಸಿಲ್, ಟನಲ್ ಮತ್ತು ಫ್ಲೋರ್. ಎಂಜಿಬಿಯಂಥ ಮೊನೊಕಾಕ್ (ಬೇರೆ ಚಾಸಿಸ್ ಇಲ್ಲದ, ಬಾಡಿಯೇ ಭಾರ ಹೊರುವ) ಕಾರಿನಲ್ಲಿ ಆಧಾರ ಕೊಡದೆ ಫ್ಲೋರ್ ಕತ್ತರಿಸಿದರೆ ಬಾಡಿ ನಡುವಲ್ಲಿ ಕುಸಿಯುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಚಾಸಿಸ್ ಬೇರೆ ಇರುವುದರಿಂದ ಸ್ವಲ್ಪ ಬಚಾವ್. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಟನಲ್ ಸಮೇತ ಫ್ಲೋರೇ ಚಾಸಿಸ್. ಛಾವಣಿ ಕೊಯ್ದು ಓಪನ್ ಮಾಡಿದ ಪದ್ಮಿನಿಯಾದರೆ ಮೊದಲು ಸಿಲ್ ಬಲಪಡಿಸಿ, ಫ್ಲೋರ್ ಆಮೇಲೆ.

ಸರಿಯಾದ ಕ್ರಮ ಹೀಗೆ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಸೀಟು, ಕಾರ್ಪೆಟ್ ಹೊರಗೆ. ಫ್ಲೋರಿಗಂಟಿದ ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರಿಂಗ್ ಬಿಚ್ಚಿ ದೂರ. ಸ್ಟ್ಯಾಂಡ್ ಕೊಡುವುದು ಆಕ್ಸಲ್, ಸಸ್ಪೆನ್ಶನ್ ಕೆಳಗೆ. ನಡುವೆ ಜಾಕ್ ಬೇಡ. ಬಾಗಿಲು ಮುಚ್ಚಿ ಸುತ್ತಲಿನ ಗ್ಯಾಪ್ ಅಳೆದು ಬಾಡಿ ಮೇಲೇ ಚಾಕ್‌ನಲ್ಲಿ ಬರೆಯಿರಿ. ಒಂದಿಂಚಿನ ಚೌಕ ಪೈಪನ್ನು ಹಿಂಜ್ ಕಡೆಯ ಪಿಲ್ಲರ್‌ನಿಂದ ಲಾಕ್ ಕಡೆಯ ಪಿಲ್ಲರ್‌ಗೆ ಎರಡೂ ಬದಿ ಟ್ಯಾಕ್ ಮಾಡಿ (ಚುಕ್ಕೆ ಚುಕ್ಕೆಯಾಗಿ ತಾತ್ಕಾಲಿಕ ವೆಲ್ಡ್), ಎಡ-ಬಲ ಸೇರಿಸಿ ಅಡ್ಡಕ್ಕೊಂದು ಕೊಡಿ. ಪೈಪ್ ಒಳಬದಿಗಿರಲಿ, ಬಾಗಿಲು ತೆಗೆದು ಮುಚ್ಚಲು ಬರಬೇಕು.

ಚೂಪು ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತ ಹೋಗಿ. ಹೊಳೆಯುವ ಗಟ್ಟಿ ಲೋಹ ಸಿಕ್ಕಿದ ಕಡೆಯಿಂದ ಇನ್ನೊಂದಿಂಚು ಬಿಟ್ಟು ಗೆರೆ ಎಳೆಯಿರಿ, ಕತ್ತರಿಸುವುದು ಅಲ್ಲಿ. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದು ಬದಿ ಮುಟ್ಟಬೇಡಿ. ಸಿಲ್ ಕೊಳೆತಿದ್ದರೆ ಅದು ಮೊದಲು.

ರೆಡಿ ಪ್ಯಾನೆಲ್ ಸಿಗದಿದ್ದರೆ 18 ಗೇಜ್ (ಸುಮಾರು 1.2 ಮಿ.ಮೀ.) ಸಿಆರ್ ಶೀಟ್, ಅಂದರೆ ಸತುವಿನ ಲೇಪವಿಲ್ಲದ ಉಕ್ಕಿನ ತಗಡು ತಂದು, ಉಬ್ಬುಗೆರೆ ಒತ್ತಿಸಿ. ಸತು ಲೇಪಿಸಿದ ಜಿಐ ಶೀಟ್ ಬೇಡ: ಸುಡುವ ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ, ವೆಲ್ಡ್‌ನಲ್ಲೂ ತೂತು. ಹೊಸ ತಗಡಿನ ಅಂಚಿನುದ್ದಕ್ಕೂ ಒಂದೂವರೆ ಇಂಚಿಗೊಂದರಂತೆ 8 ಮಿ.ಮೀ. ತೂತು ಕೊರೆದು, ಕೂಡುವ ಮೈಗಳಿಗೆ ವೆಲ್ಡ್ ಮಾಡುವ ಜಾಗಕ್ಕೆಂದೇ ಇರುವ ಸತುವಿನ ವೆಲ್ಡಿಂಗ್ ಪ್ರೈಮರ್ ಹಚ್ಚಿ, ಕ್ಲಾಂಪ್ ಬಿಗಿದು ಆ ತೂತುಗಳಲ್ಲಿ ವೆಲ್ಡ್ ತುಂಬಿಸಿ. ಸಿಒಟು ವೆಲ್ಡಿಂಗ್ (ಮಿಗ್ ಮಾದರಿಯದು), 0.8 ಮಿ.ಮೀ. ವೈರ್. ರಾಡ್ ವೆಲ್ಡಿಂಗ್ ಈ ದಪ್ಪದ ತಗಡನ್ನು ಸುಡುತ್ತದೆ, ಗ್ಯಾಸ್ ವೆಲ್ಡಿಂಗ್ ಡೊಂಕು ಮಾಡುತ್ತದೆ. ಒಂದು ಮೂಲೆಯಲ್ಲಿ ಹಾಕಿದರೆ ಮುಂದಿನದು ಎದುರು ಮೂಲೆಯಲ್ಲಿ. ಕೈ ಇಡುವಷ್ಟು ಆರಲಿ, ನೀರು ಸುರಿಯಬೇಡಿ. ನಡುನಡುವೆ ಬಾಗಿಲು ಮುಚ್ಚಿ ಚಾಕ್‌ನ ಅಳತೆಗೆ ತಾಳೆ ನೋಡಿ. ಸೀಟ್‌ಬೆಲ್ಟ್ ನಟ್ಟನ್ನು ಬರೀ ತಗಡಿಗೆ ಅಂಟಿಸದೆ 3 ಮಿ.ಮೀ. ಪ್ಲೇಟ್ ಕೊಡಿ.

ಆಮೇಲೆ ಎರಡೂ ಕಡೆ ಎಪಾಕ್ಸಿ ಪ್ರೈಮರ್, ಎಲ್ಲ ಸೇರುವೆಗಳಿಗೆ ಸೀಮ್ ಸೀಲರ್ (ಸಂದು ಮುಚ್ಚುವ ಪೇಸ್ಟ್), ಸಿಲ್ ಒಳಗೆ ತುಕ್ಕು ತಡೆಯುವ ವ್ಯಾಕ್ಸ್. ನೀರಿಳಿಯುವ ತೂತುಗಳನ್ನು ಮುಚ್ಚಿಬಿಡಬೇಡಿ.

ಯಾರೂ ಕೇಳದ, ಆದರೆ ಕೇಳಬೇಕಾದದ್ದು ಒಂದಿದೆ: ಚಾಸಿಸ್ ನಂಬರ್. ಬೀಟಲ್‌ನಲ್ಲಿ ಅದು ಹಿಂದಿನ ಸೀಟಿನ ಕೆಳಗೆ ಟನಲ್ ಮೇಲೇ ಒತ್ತಿರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿದೆ ಎಂದು ಗ್ರೈಂಡರ್ ಹಿಡಿಯುವ ಮೊದಲೇ ಹುಡುಕಿ, ಫೋಟೊ, ಪೆನ್ಸಿಲ್ ಪ್ರಿಂಟ್ ತೆಗೆದಿಡಿ. ಆ ತುಂಡಿಗೆ ಗ್ರೈಂಡರ್ ತಾಗಲೇಬಾರದು. ಹಳೆಯ ಆಕಾರದ್ದೇ ತಗಡು ಹಾಕಿದರೆ ಆರ್‌ಸಿಯಲ್ಲಿ ಏನೂ ಬದಲಾಗದು. ಆದರೆ 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕೆಂದಿದ್ದರೆ ಚಾಸಿಸ್, ಬಾಡಿ ಶೆಲ್ ಮೂಲರೂಪದಲ್ಲೇ ಇರಬೇಕು. ಚಿತ್ರದುರ್ಗದ ಕೆಎ-16 ಇರಲಿ, ದಾವಣಗೆರೆಯ ಕೆಎ-17 ಇರಲಿ, ಕೆಲಸದ ಪ್ರತಿ ಹಂತದ ಫೋಟೊ ಮತ್ತು ಬಿಲ್ಲನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ.