ಕೊಕೇನ್ ಚಟಕ್ಕೆ ಅಯಸ್ಕಾಂತ: ಇಲಿಯಿಂದ ಪಡುವಾವರೆಗೆ

ಹೆರಾಯಿನ್ ಬಿಡಿಸಲು ಮೆಥಡೋನ್ ಎಂಬ ಔಷಧಿ ಇದೆ. ಕೊಕೇನ್ ಚಟಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಒಂದು ಮಾತ್ರೆಯೂ ಇಲ್ಲ. ಅದಕ್ಕೇ ಸಂಶೋಧಕರು ಟಿಎಂಎಸ್ ಕಡೆ ನೋಡಿದರು, ಅಂದರೆ ತಲೆಯ ಹೊರಗಿನಿಂದಲೇ ಕಾಂತಕ್ಷೇತ್ರದ ಮೂಲಕ ಮಿದುಳನ್ನು ಪ್ರಚೋದಿಸುವ ವಿಧಾನ.

ಮೊದಲು ಯಂತ್ರ. ತಲೆಗೆ ತಾಗಿಸಿ ಇಂಗ್ಲಿಷ್ 8ರ ಆಕಾರದ ತಂತಿಸುರುಳಿ ಹಿಡಿಯುತ್ತಾರೆ. ಅದರಲ್ಲಿ ಜೋರಾದ ಕರೆಂಟ್ ಕ್ಷಣಕಾಲ ಹರಿದು ನಿಲ್ಲುತ್ತದೆ. ಆಗ ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮಿದುಳಿನ ಮೇಲ್ಪದರದಲ್ಲಿ ಸಣ್ಣ ಕರೆಂಟ್ ಎಬ್ಬಿಸುತ್ತದೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ ಇದು, ಅಲ್ವಾ! 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ತಂಡ ಇದನ್ನು ಮನುಷ್ಯರ ಮೇಲೆ ಮಾಡಿ ತೋರಿಸಿತು. ಶಕ್ತಿ ಎಷ್ಟಿರಬೇಕು? ಕೈಯನ್ನು ಆಡಿಸುವ ಜಾಗದ ಮೇಲೆ ಸುರುಳಿ ಇಟ್ಟು, ಹೆಬ್ಬೆರಳು ತಾನಾಗಿಯೇ ಮಿಡಿಯುವವರೆಗೆ ಮೆಲ್ಲಗೆ ಏರಿಸುತ್ತಾರೆ. ಆ ಅಳತೆ ಒಬ್ಬೊಬ್ಬರಿಗೆ ಒಂದೊಂದು.

ಈಗ ಇಲಿಗಳು. 2013ರಲ್ಲಿ ನರವಿಜ್ಞಾನಿ ಅಂಟೊನೆಲ್ಲೊ ಬೊಂಚಿ ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಇಲಿ ಸನ್ನೆಕೋಲು (ಲಿವರ್) ಒತ್ತಿದರೆ ಕೊಕೇನ್ ಸಿಗುತ್ತದೆ. ಆಮೇಲೆ ಅದರ ಜೊತೆಗೆ ಕಾಲಿಗೆ ಶಾಕ್ ಕೂಡ. ಹೆಚ್ಚಿನವು ಹೆದರಿ ಕಡಿಮೆ ಮಾಡಿದವು. ಕೆಲವು ಮಾತ್ರ ಶಾಕ್ ತಿಂದುಕೊಂಡೇ ಒತ್ತುತ್ತಿದ್ದವು. ಅವುಗಳ ಮುಂಭಾಗದ ಮಿದುಳಿನ ಒಂದು ಭಾಗ ಮಂಕಾಗಿತ್ತು. ಅಲ್ಲಿನ ನರಕೋಶಗಳನ್ನು ಬೆಳಕಿನಿಂದ ಚುರುಕು ಮಾಡಿದಾಗ ಒತ್ತುವುದು ಇಳಿಯಿತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕುಳಿತಿದ್ದೆ. 'ಮನಸ್ಸು ಗಟ್ಟಿ ಮಾಡ್ಕೋ' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಗಟ್ಟಿ ಮಾಡಬೇಕಾದ ಜಾಗವೇ ಸೋತಿದ್ದರೆ?

ಗಮನಿಸಿ: ಅಲ್ಲಿ ಬಳಸಿದ್ದು ಬೆಳಕು, ಅಯಸ್ಕಾಂತ ಅಲ್ಲ. ಮನುಷ್ಯರ ಮಿದುಳಿಗೆ ಹಾಗೆ ಬೆಳಕು ಹಾಯಿಸಲಾಗದು. ಹಾಗಾಗಿ ಇಟಲಿಯ ಪಡುವಾದಲ್ಲಿ ಲುಯಿಜಿ ಗಲ್ಲಿಂಬೆರ್ತಿ ತಂಡ ಸುರುಳಿ ಹಿಡಿಯಿತು. 32 ಜನ, ಎರಡು ಗುಂಪು. ಒಂದು ಗುಂಪಿಗೆ ಎಡ ಹಣೆಯ ಹಿಂದಿನ ಮಿದುಳಿಗೆ ಸೆಕೆಂಡಿಗೆ 15 ಮಿಡಿತ; ಇನ್ನೊಂದಕ್ಕೆ ಮಾಮೂಲಿ ಔಷಧಿ. ಮೂತ್ರ ಪರೀಕ್ಷೆಯಲ್ಲಿ ಕೊಕೇನ್ ಇಲ್ಲವೆಂದು ಬಂದದ್ದು ಮೊದಲ ಗುಂಪಿನಲ್ಲೇ ಜಾಸ್ತಿ. ಚಪಲವೂ ಕಡಿಮೆ.

ಆದರೆ ಇಲ್ಲಿ ಎಡವಬೇಡಿ. ತಮಗೆ ಯಾವ ಚಿಕಿತ್ಸೆ ಸಿಗುತ್ತಿದೆ ಎಂದು ಆ 32 ಜನರಿಗೂ ಗೊತ್ತಿತ್ತು. ದೊಡ್ಡ ಯಂತ್ರ, ಟಕ್ ಟಕ್ ಸದ್ದು, ನೆತ್ತಿಯ ಮೇಲೆ ಕುಟ್ಟಿದ ಹಾಗೆ ಅನುಭವ, ಕಾಳಜಿಯಿಂದ ಮಾತಾಡಿಸುವ ಜನ: ಇಷ್ಟೇ ಒಬ್ಬರ ಭರವಸೆ ಚಿಗುರಿಸಬಲ್ಲದು. ಅದನ್ನು ಬೇರ್ಪಡಿಸಲು ನಕಲಿ ಸುರುಳಿ ಬೇಕು. ಸದ್ದು ಅದೇ, ಚರ್ಮಕ್ಕೆ ಸಣ್ಣ ಚುರುಕು ಅದೇ, ಮಿದುಳಿಗೆ ಮಾತ್ರ ಏನೂ ತಲುಪಬಾರದು. ಕೊಕೇನ್ ಪ್ರಯೋಗ ಯಾವುದೇ ಓದಿದರೂ ನಾನು ಮೊದಲು ಹುಡುಕುವುದು ಈ ನಕಲಿ ಸುರುಳಿಯನ್ನೇ.