ಕತ್ತಿನೊಳಗೆ ಒಂದೇ ಡಿಸ್ಕ್, ಹೊರಗೆ ನಾಲ್ಕು ಕಂಪನಿ

ಶಿರಸಿ ಕಡೆಯ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅಡಿಕೆ ಮರ ಹತ್ತುವ ಅಪಾಯ ಕಡಿಮೆಯಾಗಿದೆ. ಆದರೆ ದೋಟಿ ಹಿಡಿದವರು ಗಂಟೆಗಟ್ಟಲೆ ಕತ್ತೆತ್ತಿ ಅಡಿಕೆ ಗೊನೆಯನ್ನೇ ನೋಡುತ್ತಿರಬೇಕು. ಸಂಜೆಗೆ ಕತ್ತು ಹಿಡಿದುಕೊಳ್ಳದೆ ಇರುತ್ತದಾ? ಹೆಚ್ಚಿನವರಿಗೆ ಈ ನೋವು ಸುಮ್ನೆ ನಾಲ್ಕು ದಿನ ಬಿಟ್ಟರೆ ಇಳಿಯುತ್ತದೆ. ಕತ್ತಿನ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರ ಒತ್ತಿ, ಕೈ ಜೋಮು ಹಿಡಿದು, ಕತ್ತಿ ಹಿಡಿಯಲೂ ಬಲ ಸಾಲದಾದಾಗ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ಮಾತು ಬರುತ್ತದೆ.

ಅಲ್ಲಿ ಆಪರೇಷನ್ ಬೇಕೆಂದರೆ ದಾರಿ ಮುಖ್ಯವಾಗಿ ಎರಡು. 1950ರ ದಶಕದಿಂದ ಬಂದದ್ದು ಬೆಸುಗೆ: ಕತ್ತಿನ ಮುಂದಿನಿಂದ ಹೋಗಿ, ಶ್ವಾಸನಾಳ, ಅನ್ನನಾಳ ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಒಂದಾಗಿಸುವುದು. ನೋವು ಚೆನ್ನಾಗಿಯೇ ಹೋಗುತ್ತದೆ. ಆದರೆ ಆ ಕೀಲು ಮತ್ತೆ ಆಡುವುದಿಲ್ಲ, ಮೇಲಿನ, ಕೆಳಗಿನ ಕೀಲುಗಳಿಗೆ ಕೆಲಸ ಜಾಸ್ತಿ. ಇನ್ನೊಂದು, ಆಡುವ ಕೃತಕ ಡಿಸ್ಕ್.

ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಒಂದು ಉಕ್ಕಿನ ಡಿಸ್ಕ್ ತಿದ್ದಿಸಿಕೊಳ್ಳುತ್ತಾ ಮೆಡ್‌ಟ್ರಾನಿಕ್ ಕಂಪನಿಯ ಪ್ರೆಸ್ಟೀಜ್ ಆಯಿತು. ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಮೊದಲು ಒಪ್ಪಿದ ಕತ್ತಿನ ಡಿಸ್ಕ್ ಅದೇ, 2007ರಲ್ಲಿ. ಅದೇ ವರ್ಷದ ಕೊನೆಗೆ ಪ್ರೊಡಿಸ್ಕ್-ಸಿ. ಅಕ್ಕಪಕ್ಕದ ಎರಡು ಕೀಲಿಗೂ ಹಾಕಬಹುದೆಂದು 2013ರಲ್ಲಿ ಮೊದಲು ಒಪ್ಪಿಗೆ ಪಡೆದದ್ದು ಮೋಬಿ-ಸಿ. ಕೋಬಾಲ್ಟ್ ಕ್ರೋಮ್‌ನ ಎರಡು ತಟ್ಟೆ. ಅಂಚಿನ ಸಣ್ಣ ಹಲ್ಲುಗಳು ಮೂಳೆಯನ್ನು ಕಚ್ಚಿಕೊಳ್ಳುತ್ತವೆ, ನಡುವೆ ಪಾಲಿಥಿಲೀನ್ ತುಂಡೊಂದು ಜಾರುತ್ತದೆ. ಎಲ್ಲಾ ಸೇರಿ ಎತ್ತರ ಒಂದು ಸೆಂಟಿಮೀಟರಿಗೂ ಕಡಿಮೆ!

ಈ ಮೋಬಿ-ಸಿಯ ಒಡೆತನದ ಕಥೆಯೇ ಬೇರೆ. ತಯಾರಿಸಿದ್ದು ಎಲ್‌ಡಿಆರ್ ಕಂಪನಿ. 2016ರಲ್ಲಿ ಅದನ್ನು ಜಿಮ್ಮರ್ ಬಯೋಮೆಟ್ ಕೊಂಡಿತು. 2022ರಲ್ಲಿ ಡಿಸ್ಕ್, ಜಿಮ್ಮರ್‌ನಿಂದ ಬೇರೆಯಾದ ಜಿಮ್‌ವೀ ಕಂಪನಿಗೆ ಹೋಯಿತು. 2024ರಲ್ಲಿ ಮತ್ತೆ ಮಾರಾಟವಾಗಿ ಈಗ ಹೈರಿಡ್ಜ್ ಕಂಪನಿಯದು. ಪ್ರೊಡಿಸ್ಕ್ ಕೂಡ ಸಿಂಥೆಸ್‌ನಿಂದ ಹೊರಟು ಈಗ ಸೆಂಟಿನೆಲ್ ಸ್ಪೈನ್ ಕೈಯಲ್ಲಿದೆ. ಎಂಆರ್‌ಐನಲ್ಲಿ ಚಿತ್ರ ಮಸುಕಾಗದಂತೆ ಪೀಕ್ ಪ್ಲಾಸ್ಟಿಕ್, ಸೆರಾಮಿಕ್‌ನಿಂದ ಮಾಡಿದ ಸಿಂಪ್ಲಿಫೈ ಡಿಸ್ಕನ್ನು 2021ರಲ್ಲಿ ನುವೇಸಿವ್ ಕೊಂಡಿತು. 2023ರಲ್ಲಿ ನುವೇಸಿವ್ ತಾನೇ ಗ್ಲೋಬಸ್‌ನೊಳಗೆ ಸೇರಿಹೋಯಿತು. ಷೇರು ಪೇಟೆಯವರಿಗೆ ಇದು ಮಾಮೂಲು. ಡಿಸ್ಕ್ ಹಾಕಿಸಿಕೊಂಡವರಿಗೆ ಹಾಗಲ್ಲ, ಮುಂದೆ ತೊಂದರೆ ಬಂದರೆ ಯಾರನ್ನು ಕೇಳುವುದು, ಅಲ್ವಾ?

ಹಾಗಾಗಿ ಹೊಸ ಮಾದರಿ ಅಂದ ಕೂಡಲೇ ನಾನು ಮರುಳಾಗುವುದಿಲ್ಲ. ಎಂ6-ಸಿ ಎಂಬ ಕೃತಕ ಡಿಸ್ಕ್ ನಿಜವಾದ ಡಿಸ್ಕನ್ನೇ ಹೋಲುವ ಜಾಣ ವಿನ್ಯಾಸ: ಮೆತ್ತನೆಯ ತಿರುಳು, ಸುತ್ತ ನಾರು. 2019ರಲ್ಲಿ ಎಫ್‌ಡಿಎ ಒಪ್ಪಿತು. ಆಮೇಲೆ ಕೆಲವರಲ್ಲಿ ಸುತ್ತಲಿನ ಮೂಳೆ ಸವೆದ ವರದಿಗಳು ಬಂದವು. 2025ರಲ್ಲಿ ಅದರ ಕಂಪನಿ ಆರ್ಥೋಫಿಕ್ಸ್ ಈ ಡಿಸ್ಕನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಕಿಸಿಕೊಂಡವರು ಈಗಲೂ ಆಗಾಗ ಎಕ್ಸ್‌ರೇ ತೆಗೆಸಿ ನೋಡಿಕೊಳ್ಳುವುದು ಒಳ್ಳೆಯದು. ಯಾವ ಡಿಸ್ಕ್ ಆದರೂ ಪ್ಯಾಕೆಟ್‌ನ ಸ್ಟಿಕ್ಕರ್‌ನಲ್ಲಿ ಮಾದರಿ, ಅಳತೆ, ಲಾಟ್ ನಂಬರ್ ಇರುತ್ತದೆ. ಡಿಸ್ಚಾರ್ಜ್ ದಿನ ಅದರ ಒಂದು ಪ್ರತಿ ಕೇಳಿ ಪಡೆದು, ಮನೆಯ ಜಮೀನಿನ ಪತ್ರಗಳ ಜೊತೆಗೇ ಇಟ್ಟುಬಿಡಿ.